ಮಣಿಕಟ್ಟು ತಿರುಗಿಸಿದರೆ ಒಗಟು ಬಿಚ್ಚೀತೇ?

ಕಾಡಿನ ನಡುವೆ ಒಂದು ಹಳೆಯ ಗುಡಿ. ಮುಂದಿನ ಕೋಣೆಗೆ ಹೋಗುವ ಬಾಗಿಲಿಗೆ ಬೀಗವಿಲ್ಲ. ಅದರ ಮೇಲೊಂದು ದೊಡ್ಡ ಕಣ್ಣಿದೆ. ಕತ್ತಿ ಹಿರಿದು ಎದುರು ನಿಂತರೆ ಆ ಕಣ್ಣು ಕತ್ತಿಯ ಮೊನೆಯನ್ನೇ ದಿಟ್ಟಿಸತೊಡಗುತ್ತದೆ. ಆಟಗಾರ ಕೈಯನ್ನು ಎಡಕ್ಕೆ ಸರಿಸಿದರೆ ಕಣ್ಣುಗುಡ್ಡೆಯೂ ಎಡಕ್ಕೆ ಹೊರಳುತ್ತದೆ, ಮೇಲೆತ್ತಿದರೆ ಮೇಲೆ ನೋಡುತ್ತದೆ. ಹೊಡೆದು ಪ್ರಯೋಜನವಿಲ್ಲ. ಆದರೆ ಕೈಯನ್ನು ಒಂದೇ ಸಮನೆ ಸುತ್ತು ತಿರುಗಿಸುತ್ತ ಹೋದರೆ, ಮೊನೆಯ ಬೆನ್ನು ಹತ್ತಿ ಗಿರಗಿರ ಸುತ್ತಿದ ಕಣ್ಣಿಗೇ ತಲೆಸುತ್ತು ಬರುತ್ತದೆ. ಬಾಗಿಲು ತೆರೆದುಕೊಳ್ಳುತ್ತದೆ.

2011ರ ನವೆಂಬರ್‌ನಲ್ಲಿ ಜಪಾನಿನ ನಿಂಟೆಂಡೊ ಕಂಪನಿ ತನ್ನ ‘ವೀ’ ಯಂತ್ರಕ್ಕಾಗಿ ಹೊರತಂದ ‘ದಿ ಲೆಜೆಂಡ್ ಆಫ್ ಜೆಲ್ಡಾ: ಸ್ಕೈವರ್ಡ್ ಸೋರ್ಡ್’ ಆಟದ ಮೊದಲ ಗುಡಿಯಲ್ಲಿ ಬರುವ ಒಗಟು ಇದು. ಕೈಯ ಚಲನೆಯನ್ನೇ ಆಟಕ್ಕೆ ಆಜ್ಞೆಯಾಗಿಸುವ ಮೋಷನ್ ಕಂಟ್ರೋಲ್ ಏನು ಮಾಡಬಲ್ಲದು ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ಬಾಗಿಲನ್ನು. ಇದೇ ಆಟದಲ್ಲಿ ಇನ್ನೂ ಹತ್ತಾರು ಕಡೆ ಇದೇ ತಂತ್ರ ಆಟಗಾರನ ತಾಳ್ಮೆಯನ್ನು ತಿಂದುಹಾಕುತ್ತದೆ ಎಂಬುದೂ ನಿಜ. ಹಾಗಾದರೆ ನೋಡಿ, ಯೋಚಿಸಿ, ಒಗಟು ಬಿಡಿಸಿ ಮುಂದೆ ಸಾಗುವ ಸಾಂಪ್ರದಾಯಿಕ ಸಾಹಸ ಆಟಗಳಿಗೆ ಮೋಷನ್ ಕಂಟ್ರೋಲ್‌ನಿಂದ ಒಳಿತಾಯಿತೇ? ಆಯಿತು ಎನ್ನುವವನು ನಾನು. ಆದರೆ ಒಳಿತಾದದ್ದು ಬೆರಳೆಣಿಕೆಯ ಜಾಗಗಳಲ್ಲಿ, ಒಂದು ನಿರ್ದಿಷ್ಟ ಕಾರಣಕ್ಕೆ. ಆ ಕಾರಣ ಹಿಡಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸಾಹಸ ಆಟಗಳು ಹುಟ್ಟಿದ್ದು ಅಕ್ಷರಗಳಲ್ಲಿ. 1970ರ ದಶಕದ ನಡುಭಾಗದಲ್ಲಿ ಅಮೆರಿಕದ ಪ್ರೋಗ್ರಾಮರ್ ವಿಲ್ ಕ್ರೌದರ್, ತಾವು ಓಡಾಡಿ ಬಲ್ಲ ಕೆಂಟಕಿಯ ಗುಹೆಗಳನ್ನೇ ಮಾದರಿಯಾಗಿಟ್ಟುಕೊಂಡು ‘ಕೊಲೋಸಲ್ ಕೇವ್ ಅಡ್ವೆಂಚರ್’ ಬರೆದರು. ಅದರಲ್ಲಿ ಚಿತ್ರವಿಲ್ಲ. ದೀಪ ತೆಗೆದುಕೊಳ್ಳುವುದಿದ್ದರೆ ಹಾಗೆಂದು ಟೈಪ್ ಮಾಡಬೇಕು, ಬಾಗಿಲು ತೆರೆಯುವುದಿದ್ದರೆ ಹಾಗೆಂದು ಟೈಪ್ ಮಾಡಬೇಕು. 1984ರಲ್ಲಿ ಸಿಯೆರಾ ಕಂಪನಿಯ ‘ಕಿಂಗ್ಸ್ ಕ್ವೆಸ್ಟ್’ ಬಣ್ಣದ ಲೋಕವನ್ನು ಕೊಟ್ಟಿತು, ಟೈಪಿಂಗ್ ಮಾತ್ರ ತಪ್ಪಲಿಲ್ಲ. 1987ರ ‘ಮೇನಿಯಕ್ ಮ್ಯಾನ್ಶನ್’ ಆಟದಲ್ಲಿ ತಳ್ಳು, ಎಳೆ, ತೆರೆ, ಕೊಡು ಎಂಬ ಕ್ರಿಯೆಗಳ ಪಟ್ಟಿ ತೆರೆಯ ಕೆಳಗೆ ಬಂತು. ಮೌಸ್ ಹಿಡಿದು ಆರಿಸಿದರೆ ಸಾಕು. 1993ರ ‘ಮಿಸ್ಟ್’ ಆ ಪಟ್ಟಿಯನ್ನೂ ತೆಗೆದುಹಾಕಿತು. ಸನ್ನೆಕೋಲಾಗಲಿ ಪುಸ್ತಕವಾಗಲಿ ಬಾಗಿಲಾಗಲಿ, ಅದರ ಮೇಲೆ ಕ್ಲಿಕ್ ಮಾಡಿದರೆ ಆಗಬೇಕಾದದ್ದು ತಾನಾಗಿ ಆಗುತ್ತದೆ.

ಪ್ರತಿ ಹೆಜ್ಜೆಯಲ್ಲೂ ಆಟ ಸುಲಭವಾಯಿತು, ಹೆಚ್ಚು ಜನರನ್ನು ತಲುಪಿತು. ಜೊತೆಗೆ ಒಂದು ಸಂಗತಿ ಕಳೆದುಹೋಯಿತು. ಈ ವಸ್ತುವನ್ನು ಏನು ಮಾಡಬೇಕು ಎಂಬ ಪ್ರಶ್ನೆ ಹಿಂದೆ ಆಟಗಾರನದಾಗಿತ್ತು. ಈಗ ಯಾವ ವಸ್ತು ಎಂಬುದಷ್ಟೇ ಅವನ ಪಾಲಿಗೆ ಉಳಿಯಿತು. ಗೊತ್ತಾಗದಿದ್ದರೆ ತೆರೆಯ ಮೇಲೆ ಕಂಡದ್ದನ್ನೆಲ್ಲ ಒಂದೊಂದಾಗಿ ಕ್ಲಿಕ್ ಮಾಡುತ್ತ ಹೋದರೂ ಉತ್ತರ ಸಿಕ್ಕಿಬಿಡುತ್ತದೆ. ಮೋಷನ್ ಕಂಟ್ರೋಲ್‌ಗೆ ಈ ಪ್ರಕಾರದಲ್ಲಿ ನಿಜವಾದ ಕೆಲಸವಿದ್ದದ್ದು ಇಲ್ಲಿಯೇ: ಕಳೆದುಹೋದ ಆ ‘ಹೇಗೆ’ಯನ್ನು ಆಟಗಾರನ ಕೈಗೆ ಮರಳಿಸುವುದು.

2005ರ ಸೆಪ್ಟೆಂಬರ್‌ನಲ್ಲಿ ಟೋಕಿಯೊ ಗೇಮ್ ಶೋ ವೇದಿಕೆಯಲ್ಲಿ ನಿಂಟೆಂಡೊ ಅಧ್ಯಕ್ಷ ಸಟೋರು ಇವಾಟ, ಟಿವಿ ರಿಮೋಟ್‌ನಂತಿದ್ದ ಹೊಸ ಕಂಟ್ರೋಲರ್ ತೋರಿಸಿದರು. ಮರುವರ್ಷದ ನವೆಂಬರ್‌ನಲ್ಲಿ ವೀ ಅಮೆರಿಕದ ಅಂಗಡಿಗಳಿಗೆ ಬಂತು. ಮುಂದೆ ಜಗತ್ತಿನಾದ್ಯಂತ 10 ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾದವು. ಅಜ್ಜ ಅಜ್ಜಿಯರೂ ಎದ್ದು ನಿಂತು ಟೆನಿಸ್, ಬೌಲಿಂಗ್ ಆಡಿದರು. ಜೋರಾಗಿ ಬೀಸಿದ ರಿಮೋಟ್ ಕೈ ಜಾರಿ ಹಾರಿದ ಪ್ರಸಂಗಗಳು ಹೆಚ್ಚಾದಾಗ, ಡಿಸೆಂಬರ್ ಹೊತ್ತಿಗೆ ಕಂಪನಿ ಸುಮಾರು 32 ಲಕ್ಷ ಮಣಿಕಟ್ಟಿನ ಪಟ್ಟಿಗಳನ್ನು ಬದಲಿಸಿಕೊಡಲು ಮುಂದಾಯಿತು. ಟೆನಿಸ್ಸಿಗೆ ಕೈ ಬೀಸುವುದು ಸಹಜ, ಆಟವೇ ಅದು. ನಲವತ್ತು ಗಂಟೆ ನಡೆಯುವ ಒಂದು ಕಥೆಗೆ ಅದನ್ನು ಹೊಂದಿಸುವುದು ಹೇಗೆಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಅದಕ್ಕೆ ಒಂದು ಕಾರಣ ಆ ರಿಮೋಟ್‌ನ ಒಳಗೇ ಇತ್ತು. ಮೊದಲ ವೀ ರಿಮೋಟ್‌ನಲ್ಲಿದ್ದದ್ದು ಮೂರು ದಿಕ್ಕುಗಳ ವೇಗೋತ್ಕರ್ಷ ಅಳೆಯುವ ಆಕ್ಸೆಲೆರೊಮೀಟರ್ ಮತ್ತು ಮೂತಿಯಲ್ಲೊಂದು ಪುಟ್ಟ ಇನ್‌ಫ್ರಾರೆಡ್ ಕ್ಯಾಮೆರಾ. ಟಿವಿಯ ಮೇಲಿಡುವ ಪಟ್ಟಿಗೆ ಸೆನ್ಸರ್ ಬಾರ್ ಎಂಬ ಹೆಸರಿದ್ದರೂ ಅದು ಏನನ್ನೂ ಗ್ರಹಿಸುವುದಿಲ್ಲ. ಅದರಲ್ಲಿರುವುದು ಕಣ್ಣಿಗೆ ಕಾಣದ ಬೆಳಕು ಬೀರುವ ಎಲ್‌ಇಡಿಗಳು. ಅವನ್ನು ನೋಡಿ ತಾನು ತೆರೆಯ ಯಾವ ಭಾಗಕ್ಕೆ ಗುರಿಯಾಗಿದ್ದೇನೆಂದು ಲೆಕ್ಕ ಹಾಕುವುದು ರಿಮೋಟ್. ಹೀಗಾಗಿ ಗುರಿ ತೋರಿಸುವುದರಲ್ಲಿ ವೀ ನಿಖರವಾಗಿತ್ತು. ಬೀಸುವುದರಲ್ಲಿ ಅಲ್ಲ. ಘಾಟಿ ರಸ್ತೆಯ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತವರಿಗೆ ಬ್ರೇಕ್ ಹಾಕಿದ್ದು, ತಿರುವು ಬಂದದ್ದು ಮೈಗೆ ತಿಳಿಯುತ್ತದೆ, ಬಸ್ಸು ಎಲ್ಲಿಗೆ ಬಂತೆಂದು ತಿಳಿಯುವುದಿಲ್ಲ. ಆಕ್ಸೆಲೆರೊಮೀಟರ್‌ನ ಪಾಡೂ ಅದೇ. ಏನೋ ಜೋರಾಗಿ ಅಲುಗಿತು ಎಂದು ಅದಕ್ಕೆ ಗೊತ್ತು. ಕೈ ಈಗ ಎಲ್ಲಿದೆ, ಕತ್ತಿ ಯಾವ ಕೋನದಲ್ಲಿದೆ ಎಂದು ಗೊತ್ತಿಲ್ಲ.

ವೀ ಜೊತೆಗೇ ಬಂದ ಜೆಲ್ಡಾ ಆಟ ‘ಟ್ವೈಲೈಟ್ ಪ್ರಿನ್ಸೆಸ್’ ಇದಕ್ಕೆ ಸಾಕ್ಷಿ. ಹಿಂದಿನ ಗೇಮ್‌ಕ್ಯೂಬ್ ಯಂತ್ರಕ್ಕೆಂದು ರೂಪಿಸಿದ ಆಟಕ್ಕೆ ಆಮೇಲೆ ಮೋಷನ್ ಕಂಟ್ರೋಲ್ ಸೇರಿಸಿದರು. ಕಥಾನಾಯಕ ಲಿಂಕ್ ಎಡಗೈಯವನು, ಬಹುತೇಕ ಆಟಗಾರರು ರಿಮೋಟ್ ಬೀಸುವುದು ಬಲಗೈಯಲ್ಲಿ. ಇದನ್ನು ಸರಿದೂಗಿಸಲು ವೀ ಆವೃತ್ತಿಯಲ್ಲಿ ಇಡೀ ಲೋಕವನ್ನೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಬಿಟ್ಟರು: ಪೂರ್ವದಲ್ಲಿದ್ದ ಊರು ಪಶ್ಚಿಮಕ್ಕೆ ಹೋಯಿತು, ಲಿಂಕ್ ಬಲಗೈಯವನಾದ. ಇಷ್ಟೆಲ್ಲ ಮಾಡಿದ ಮೇಲೂ ಕೈಯನ್ನು ಮೇಲಿನಿಂದ ಬೀಸಿ, ಪಕ್ಕದಿಂದ ಬೀಸಿ, ಸುಮ್ಮನೆ ಅಲುಗಾಡಿಸಿ, ಲಿಂಕ್ ಮಾತ್ರ ತನಗೆ ಗೊತ್ತಿದ್ದ ವರಸೆಯನ್ನೇ ತೋರಿಸುತ್ತಾನೆ. ಬಟನ್ ಒತ್ತುವ ಬದಲು ಕೈ ಅಲುಗಿಸಬೇಕು, ಬದಲಾದದ್ದು ಅಷ್ಟೇ. 2016ರಲ್ಲಿ ಇದೇ ಆಟವನ್ನು ವೀ ಯು ಯಂತ್ರಕ್ಕೆ ಎಚ್‌ಡಿಯಲ್ಲಿ ತಂದಾಗ ನಿಂಟೆಂಡೊ ಕತ್ತಿಯನ್ನು ಮತ್ತೆ ಬಟನ್‌ಗೆ ಕೊಟ್ಟಿತು. ಯಾವ ಆಟಗಾರನಿಗೂ ನಷ್ಟವಾಗಲಿಲ್ಲ.

2009ರ ಜೂನ್‌ನಲ್ಲಿ ಬಂದ ‘ಮೋಷನ್ ಪ್ಲಸ್’ ಎಂಬ ಪುಟ್ಟ ಉಪಕರಣ ಪರಿಸ್ಥಿತಿಯನ್ನು ಬದಲಿಸಿತು. ರಿಮೋಟ್‌ನ ಬುಡಕ್ಕೆ ಸಿಕ್ಕಿಸುವ ಇದರೊಳಗೆ ತಿರುಗುವ ವೇಗ ಅಳೆಯುವ ಗೈರೊಸ್ಕೋಪ್ ಇತ್ತು. ಕ್ಷಣಕ್ಷಣದ ತಿರುಗುವಿಕೆಯನ್ನು ಕೂಡುತ್ತ ಹೋದರೆ ಕತ್ತಿಯ ಕೋನ ಸಿಗುತ್ತದೆ. ಸ್ಕೈವರ್ಡ್ ಸೋರ್ಡ್ ನಿಂತಿರುವುದು ಈ ಗೈರೊದ ಮೇಲೆ. ಅದಿಲ್ಲದೆ ವೀಯಲ್ಲಿ ಆಟ ಶುರುವೇ ಆಗುತ್ತಿರಲಿಲ್ಲ. ನಿರ್ದೇಶಕ ಹಿದೆಮಾರೊ ಫುಜಿಬಯಾಶಿ ಮತ್ತು ನಿರ್ಮಾಪಕ ಎಯಿಜಿ ಅವೊನುಮ ಅವರ ತಂಡ ಇಡೀ ಆಟವನ್ನು ಒಂದು ನಿರ್ಧಾರದ ಸುತ್ತ ಕಟ್ಟಿತು: ಕತ್ತಿ ಯಾವ ದಿಕ್ಕಿನಿಂದ ಬೀಳುತ್ತದೆ ಎಂಬುದು ಮುಖ್ಯವಾಗಬೇಕು. ಹಲ್ಲು ಕಿರಿಯುವ ಮಾಂಸಾಹಾರಿ ಗಿಡದ ಬಾಯಿ ಅಡ್ಡ ತೆರೆದಿದ್ದರೆ ಅಡ್ಡ ಸೀಳಬೇಕು, ಉದ್ದ ತೆರೆದಿದ್ದರೆ ಮೇಲಿನಿಂದ ಕೆಳಕ್ಕೆ. ಬೋಕೊಬ್ಲಿನ್ ಎಂಬ ಸಾಮಾನ್ಯ ರಕ್ಕಸ ಕೂಡ ಆಯುಧವನ್ನು ಒಂದು ಕಡೆ ಅಡ್ಡ ಹಿಡಿದು ನಿಲ್ಲುತ್ತದೆ. ತೆರವಾಗಿರುವ ಕಡೆಯಿಂದ ಬೀಸಿದರೆ ಮಾತ್ರ ಪೆಟ್ಟು ತಗಲುತ್ತದೆ. ಗುಡಿಯ ಕೊನೆಯ ಕೋಣೆಯ ಕೀಲಿಯೂ ಒಂದು ವಿಚಿತ್ರ ಕೆತ್ತನೆಯ ತುಂಡು. ಅದನ್ನು ಎತ್ತ ಹೊರಳಿಸಿದರೆ ಬೀಗದ ಕುಳಿಗೆ ಕೂರುತ್ತದೆಂದು ರಿಮೋಟ್ ತಿರುಗಿಸಿ ತಿರುಗಿಸಿ ಕಂಡುಕೊಳ್ಳಬೇಕು.

ಮೊದಲ ಗುಡಿಯ ಕೊನೆಯಲ್ಲಿ ಗಿರಾಹಿಮ್ ಎಂಬ ಖಳ ಎದುರಾಗುತ್ತಾನೆ. ಈ ಕಾಳಗವನ್ನು ಸ್ವಲ್ಪ ನಿಂತು ನೋಡಬೇಕು. ಅವನು ಬರಿಗೈಯಲ್ಲಿ ನಿಂತು, ಅಂಗೈ ಎತ್ತಿ ನಿಮ್ಮ ಕತ್ತಿಯನ್ನು ಹಿಂಬಾಲಿಸುತ್ತಾನೆ. ಬಲದಿಂದ ಬೀಸಿದರೆ ಬಲದಲ್ಲೇ ಹಿಡಿಯುತ್ತಾನೆ, ಒಮ್ಮೊಮ್ಮೆ ಕತ್ತಿಯನ್ನೇ ಕಸಿದುಕೊಂಡು ನಿಮ್ಮತ್ತ ಎಸೆಯುತ್ತಾನೆ. ಬೇರೆ ಆಟಗಳ ರೂಢಿಯಲ್ಲಿ ಪಟಪಟನೆ ಕೈ ಬೀಸುವವರು ಇಲ್ಲಿ ಮತ್ತೆಮತ್ತೆ ಸೋಲುತ್ತಾರೆ. ಕತ್ತಿಯನ್ನು ನಿಧಾನವಾಗಿ ಒಂದು ಪಕ್ಕಕ್ಕೆ ಒಯ್ದು ಹಿಡಿಯಬೇಕು. ಅವನ ಅಂಗೈ ಆ ಕಡೆ ಬಂದು ನಿಂತಿತೆಂದು ಖಚಿತವಾದ ಕೂಡಲೇ ದಿಕ್ಕು ಬದಲಿಸಿ ಇನ್ನೊಂದು ಪಕ್ಕದಿಂದ ಹೊಡೆಯಬೇಕು. ಗೆಲ್ಲಿಸುವುದು ಬೆರಳಿನ ಚುರುಕಲ್ಲ, ಎದುರಾಳಿ ಏನು ನೋಡುತ್ತಿದ್ದಾನೆ ಎಂಬ ಅರಿವು. ಬಾಗಿಲ ಮೇಲಿನ ಕಣ್ಣಿನ ಒಗಟೇ ಇಲ್ಲಿ ಕಾಳಗವಾಗಿ ಮರಳಿದೆ. ಸಾಹಸ ಆಟವೊಂದರಲ್ಲಿ ಹೊಡೆದಾಟವೂ ಒಗಟಾಗಬಲ್ಲದು ಎಂದು ಇಷ್ಟು ಚೆನ್ನಾಗಿ ತೋರಿಸಿದ ಇನ್ನೊಂದು ದೃಶ್ಯವನ್ನು ನಾನು ಕಂಡಿಲ್ಲ.

ಇದೇ ಕಾಳಗ ಮೋಷನ್ ಕಂಟ್ರೋಲ್‌ನ ದೊಡ್ಡ ದೋಷವನ್ನೂ ಬಯಲು ಮಾಡುತ್ತದೆ. ಬಲದಿಂದ ಎಡಕ್ಕೆ ಬೀಸಬೇಕಾದರೆ ಮನುಷ್ಯನ ಕೈ ಮೊದಲು ಬಲಕ್ಕೆ ಹೋಗಲೇಬೇಕು. ಆ ತಯಾರಿ ತುಸು ವೇಗವಾದರೆ ಆಟ ಅದನ್ನೇ ಹೊಡೆತವೆಂದು ತಿಳಿಯುತ್ತದೆ. ಹೊಡೆದ ಮೇಲೆ ಕೈ ಸ್ವಸ್ಥಾನಕ್ಕೆ ಮರಳುವುದೂ ಇನ್ನೊಂದು ಹೊಡೆತವಾಗಿಬಿಡುತ್ತದೆ. ಗೈರೊದ ಲೆಕ್ಕದಲ್ಲಿ ಸಣ್ಣ ತಪ್ಪುಗಳು ಕೂಡುತ್ತ ಕೂಡುತ್ತ ಗುರಿ ಪಕ್ಕಕ್ಕೆ ಸರಿಯುತ್ತದೆ. ರಿಮೋಟ್ ಎಷ್ಟು ವಾಲಿದೆ ಎಂದು ಗುರುತ್ವಾಕರ್ಷಣೆಯ ಆಸರೆಯಿಂದ ತಿದ್ದಿಕೊಳ್ಳಬಹುದು. ಎಡಬಲಕ್ಕೆ ಆ ಆಸರೆಯಿಲ್ಲ. ಹಾಗಾಗಿ ಆಟದ ನಡುವೆ ಮತ್ತೆಮತ್ತೆ ಗುರಿಯನ್ನು ಮಧ್ಯಕ್ಕೆ ತಂದುಕೊಳ್ಳುತ್ತಿರಬೇಕು. ಇನ್ನು ಹಕ್ಕಿಯ ಮೇಲೆ ಕೂತು ಹಾರಲು ರಿಮೋಟ್ ವಾಲಿಸುವುದು, ಈಜಲು ವಾಲಿಸುವುದು, ಕಿನ್ನರಿ ನುಡಿಸಲು ಅತ್ತಿತ್ತ ತೂಗುವುದು, ಇವೆಲ್ಲ ಟ್ವೈಲೈಟ್ ಪ್ರಿನ್ಸೆಸ್‌ನ ತಪ್ಪನ್ನೇ ಮುಂದುವರಿಸಿದವು. ಅಲ್ಲಿ ಕೈ ಯಾವ ಪ್ರಶ್ನೆಗೂ ಉತ್ತರ ಕೊಡುತ್ತಿಲ್ಲ, ಬಟನ್ ಒಂದು ಕ್ಷಣದಲ್ಲಿ ಮಾಡುವ ಕೆಲಸವನ್ನು ಬೆವರು ಹರಿಸಿ ಮಾಡುತ್ತಿದೆ.

ಅಪ್ಪಟ ಪಾಯಿಂಟ್ ಆಂಡ್ ಕ್ಲಿಕ್ ಪ್ರಕಾರದಲ್ಲಿ ಕಳೆದುಹೋದ ‘ಹೇಗೆ’ಯನ್ನು ಕೈಗೆ ಮರಳಿಸುವ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದು ಕ್ಯಾಪ್‌ಕಾಮ್ ಕಂಪನಿಯ ‘ಜ್ಯಾಕ್ ಆಂಡ್ ವಿಕಿ’. 2007ರಲ್ಲಿ ಬಂದ ಈ ಆಟದಲ್ಲಿ ಗಂಟೆ ಬಾರಿಸಿದರೆ ಪ್ರಾಣಿಗಳು ಉಪಕರಣಗಳಾಗುತ್ತವೆ: ಶತಪದಿ ಗರಗಸವಾಗುತ್ತದೆ, ಹಾವು ದೂರದ ವಸ್ತು ಹಿಡಿಯುವ ಇಕ್ಕಳವಾಗುತ್ತದೆ. ಮರ ಕತ್ತರಿಸಲು ರಿಮೋಟ್ ಅನ್ನು ಗರಗಸದಂತೆ ಹಿಡಿದು ಹಿಂದೆ ಮುಂದೆ ಎಳೆಯಬೇಕು, ಕೀಲಿ ತಿರುಗಿಸಲು ಮಣಿಕಟ್ಟು ಹೊರಳಿಸಬೇಕು. ಗೈರೊ ಇಲ್ಲದ ಹಳೆಯ ರಿಮೋಟ್‌ಗೇ ಬರೆದ ಆಟವಾದರೂ ಇದು ಸೋಲದಿರಲು ಕಾರಣವಿದೆ. ಗಡಿಬಿಡಿಯಿಲ್ಲ, ಒಂದು ಸಲಕ್ಕೆ ಒಂದೇ ಚಲನೆ, ಮತ್ತು ವಸ್ತುವನ್ನು ನೋಡಿ ಅದನ್ನು ಹೇಗೆ ಹಿಡಿಯಬೇಕೆಂದು ಊಹಿಸುವುದೇ ಅರ್ಧ ಒಗಟು. ವಿಮರ್ಶಕರು ಮೆಚ್ಚಿದರು, ಜನ ಕೊಳ್ಳಲಿಲ್ಲ. ಈ ದಾರಿಯಲ್ಲಿ ಮುಂದೆ ಹೆಚ್ಚು ಆಟಗಳು ಬಾರದೇ ಹೋದದ್ದು ನಿಜಕ್ಕೂ ದುಃಖದ ಸಂಗತಿ.

ಮಿಕ್ಕವನ್ನು ಬೇಗ ನೋಡಿಬಿಡಬಹುದು. 2009ರ ‘ಸೈಲೆಂಟ್ ಹಿಲ್: ಶ್ಯಾಟರ್ಡ್ ಮೆಮೊರೀಸ್’ನಲ್ಲಿ ರಿಮೋಟ್ ಒಂದು ಟಾರ್ಚ್. ಕತ್ತಲ ಕೋಣೆಯಲ್ಲಿ ನೀವು ಕೈ ತೋರಿಸಿದಲ್ಲಿಗೆ ಬೆಳಕು ಹೋಗುತ್ತದೆ, ಫೋನ್ ಬಂದರೆ ರಿಮೋಟ್‌ನ ಪುಟ್ಟ ಸ್ಪೀಕರ್‌ನಲ್ಲೇ ದನಿ ಕೇಳುತ್ತದೆ. ಹುಡುಕುವುದೇ ಮುಖ್ಯವಾದ ಆಟಕ್ಕೆ ಇದಕ್ಕಿಂತ ಸೂಕ್ತ ಬಳಕೆ ಇನ್ನೇನಿದೆ? ಅದೇ ಆಟದಲ್ಲಿ ಮೈಮೇಲೆ ಬೀಳುವ ಪ್ರೇತಗಳನ್ನು ಕೊಡವಿಹಾಕಲು ಕೈ ಜಾಡಿಸಬೇಕಾದಾಗ ಆ ಮೋಡಿ ಮುರಿಯುತ್ತದೆ. ಮರುವರ್ಷ ಬಂದ ಪ್ಲೇಸ್ಟೇಷನ್ 3ರ ‘ಹೆವಿ ರೇನ್’ನಲ್ಲಿ ಹಣ್ಣಿನ ರಸದ ಡಬ್ಬಿ ಅಲುಗಿಸಲು ಕಂಟ್ರೋಲರ್ ಅಲುಗಿಸಬೇಕು, ತೆರೆಯ ಮೇಲೆ ಬರೆದು ತೋರಿಸಿದ ಚಲನೆಯನ್ನು ನಕಲು ಮಾಡುವುದರಲ್ಲಿ ಒಗಟೆಲ್ಲಿದೆ? ಅದೇ 2010ರಲ್ಲಿ ಬಂದ ಮೈಕ್ರೊಸಾಫ್ಟ್‌ನ ಕಿನೆಕ್ಟ್ ಕೈಯಲ್ಲಿ ಏನನ್ನೂ ಹಿಡಿಯಬೇಕಿಲ್ಲ, ಮೈಯೇ ಕಂಟ್ರೋಲರ್ ಎಂದಿತು. ಆದರೆ ಸಾಹಸ ಆಟದ ಜೀವಾಳ ತನ್ನಿಷ್ಟದ ದಿಕ್ಕಿಗೆ ನಡೆದುಹೋಗುವುದು. ಕೋಣೆಯಲ್ಲಿ ನಿಂತಲ್ಲೇ ನಿಂತವನನ್ನು ನಡೆಸುವುದು ಹೇಗೆ? 2012ರ ‘ಫೇಬಲ್: ದಿ ಜರ್ನಿ’ ನಾಯಕನನ್ನು ಕುದುರೆಗಾಡಿಯಲ್ಲಿ ಕೂರಿಸಿ ಹಾಕಿಕೊಟ್ಟ ದಾರಿಯಲ್ಲೇ ಕರೆದೊಯ್ದಿತು. 2017ರಲ್ಲಿ ಕಿನೆಕ್ಟ್ ತಯಾರಿಕೆ ನಿಂತಿತು.

ಉಳಿದುಕೊಂಡದ್ದು ಸಣ್ಣ ಚಲನೆ. ಫುಜಿಬಯಾಶಿ ಅವರೇ ನಿರ್ದೇಶಿಸಿದ 2017ರ ‘ಬ್ರೆತ್ ಆಫ್ ದಿ ವೈಲ್ಡ್’, 2023ರ ‘ಟಿಯರ್ಸ್ ಆಫ್ ದಿ ಕಿಂಗ್‌ಡಮ್’ ಆಟಗಳಲ್ಲಿ ಕತ್ತಿ ಬಟನ್‌ಗೆ ಮರಳಿದೆ, ಬಿಲ್ಲಿನ ಗುರಿಗೆ ಮಾತ್ರ ಗೈರೊ ಉಳಿದಿದೆ. ಕಂಟ್ರೋಲರ್‌ನಲ್ಲಿ ಹೆಬ್ಬೆರಳಿನಿಂದ ಸರಿಸುವ ಕಡ್ಡಿಯಿಂದ (ಸ್ಟಿಕ್) ಗುರಿಯನ್ನು ಸರಿಸುಮಾರಾಗಿ ಹತ್ತಿರ ತಂದು, ಕೊನೆಯ ಕೂದಲೆಳೆಯನ್ನು ಮಣಿಕಟ್ಟಿನಿಂದ ಸರಿಪಡಿಸುವ ಈ ವಿಧಾನ ನಮ್ಮಲ್ಲೂ ಹೊಸದೇನಲ್ಲ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಮೊಬೈಲಿನಲ್ಲಿ ಬಿಜಿಎಂಐ ಎಂಬ ಶೂಟಿಂಗ್ ಆಟ ಆಡುವ ಹುಡುಗರನ್ನು ಕೇಳಿ ನೋಡಿ: ಗೈರೊ ಆನ್ ಮಾಡದೆ ಗುರಿ ಹಿಡಿಯಲು ಅನೇಕರು ಒಪ್ಪುವುದಿಲ್ಲ.

ಬ್ರೆತ್ ಆಫ್ ದಿ ವೈಲ್ಡ್‌ನಲ್ಲಿ ಹತೇನೊ ಊರಿನ ಪಕ್ಕದ ಗುಡಿಯೊಂದರಲ್ಲಿ ದೊಡ್ಡ ಗೋಡೆಗಳ ಚಕ್ರವ್ಯೂಹವಿದೆ. ಕಂಟ್ರೋಲರ್ ವಾಲಿಸಿದರೆ ಹಲಗೆ ವಾಲುತ್ತದೆ, ಅದರ ಮೇಲಿನ ಗುಂಡು ಉರುಳುತ್ತದೆ. ಚಕ್ರವ್ಯೂಹ ದಾಟಿಸಿ ಗುರಿ ಮುಟ್ಟಿಸಬೇಕು. ಹೈರಾಣಾದ ಆಟಗಾರರು ಬೇಗನೆ ಒಂದು ಉಪಾಯ ಕಂಡುಕೊಂಡರು. ಕಂಟ್ರೋಲರ್ ಅನ್ನೇ ಬುಡಮೇಲು ಮಾಡಿದರೆ ಹಲಗೆಯೂ ಬುಡಮೇಲಾಗುತ್ತದೆ. ಅದರ ಹಿಂಬದಿ ಸಪಾಟು, ಒಂದು ಗೋಡೆಯೂ ಇಲ್ಲ! ಕಡ್ಡಿ ಹಿಡಿದವನಿಗೆ ಈ ಯೋಚನೆ ಬರುವುದು ಕಷ್ಟ, ಏಕೆಂದರೆ ಕಡ್ಡಿಗೆ ತಲೆಕೆಳಗು ಎಂಬುದೇ ಇಲ್ಲ. ವಸ್ತುವನ್ನು ನಿಜಕ್ಕೂ ಕೈಯಲ್ಲಿ ಹಿಡಿದವರು ಮಾತ್ರ ಅದನ್ನು ಮಗುಚಿ ನೋಡುತ್ತಾರೆ.

ಇಲ್ಲಿ ನನ್ನ ವಾದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ಎದುರಿಸಲೇಬೇಕು. 2021ರ ಜುಲೈನಲ್ಲಿ ಸ್ಕೈವರ್ಡ್ ಸೋರ್ಡ್ ಎಚ್‌ಡಿ ರೂಪದಲ್ಲಿ ಸ್ವಿಚ್ ಯಂತ್ರಕ್ಕೆ ಬಂದಾಗ ಬಟನ್‌ಗಳಲ್ಲೇ ಆಡುವ ಆಯ್ಕೆಯನ್ನೂ ಕೊಟ್ಟರು. ಬಲಗಡ್ಡಿಯನ್ನು ಯಾವ ದಿಕ್ಕಿಗೆ ತಳ್ಳಿದರೆ ಕತ್ತಿ ಆ ದಿಕ್ಕಿಗೆ ಬೀಸುತ್ತದೆ. ಬಾಗಿಲ ಕಣ್ಣಿಗೆ ತಲೆಸುತ್ತು ಬರಿಸಲು ಕಡ್ಡಿಯನ್ನು ಸುತ್ತಿಸಿದರೆ ಸಾಕು. ಗಿರಾಹಿಮ್‌ನನ್ನೂ ಹೀಗೆಯೇ ಏಮಾರಿಸಬಹುದು. ಹಾಗಾದರೆ ಕೈ ಬೀಸುವ ಅಗತ್ಯವೇನಿತ್ತು?

ಅಗತ್ಯವಿದ್ದದ್ದು ಆಟ ಕಟ್ಟುವವರಿಗೆ ಎಂದು ನನಗನಿಸುತ್ತದೆ. ಬಟನ್ ಒತ್ತಿದರೆ ಕತ್ತಿ ಬೀಸುತ್ತದೆ ಎಂಬ ಇಪ್ಪತ್ತೈದು ವರ್ಷಗಳ ರೂಢಿಯಲ್ಲೇ ಇದ್ದಿದ್ದರೆ, ಕತ್ತಿಯ ಮೊನೆಯನ್ನು ಹಿಂಬಾಲಿಸುವ ಕಣ್ಣೊಂದು ಯಾರಿಗೂ ಹೊಳೆಯುತ್ತಿರಲಿಲ್ಲ. ಅಡ್ಡ ಬಾಯಿ, ಉದ್ದ ಬಾಯಿಯ ಗಿಡಗಳೂ ಹುಟ್ಟುತ್ತಿರಲಿಲ್ಲ. ರಿಮೋಟ್ ಹಿಡಿದ ಕೈಗೆ ಏನು ಕೆಲಸ ಕೊಡೋಣ ಎಂದು ತಲೆ ಕೆಡಿಸಿಕೊಂಡದ್ದರಿಂದ ಅವು ಹುಟ್ಟಿದವು, ಹುಟ್ಟಿದ ಮೇಲೆ ಕಡ್ಡಿಗೂ ಒಗ್ಗಿದವು. ಹತ್ತು ವರ್ಷದ ಬಳಿಕ ಕೈ ಅಲುಗಿಸದೆ ಆಡುವವನೂ ಅನುಭವಿಸುವುದು ಮೋಷನ್ ಕಂಟ್ರೋಲ್ ಕೊಟ್ಟ ಒಗಟನ್ನೇ. ಸಂಧಿವಾತ ಇರುವವರು, ಕೈ ನಡುಗುವವರು, ಒಂದೇ ಕೈ ಬಳಸಬಲ್ಲವರು, ಇವರೆಲ್ಲರನ್ನೂ ಮೂಲ ಆಟ ಬಾಗಿಲಾಚೆ ನಿಲ್ಲಿಸಿತ್ತು. ಎಚ್‌ಡಿ ಆವೃತ್ತಿ ಇವರಲ್ಲಿ ಹಲವರನ್ನಾದರೂ ಒಳಗೆ ಕರೆಯಿತು. ಈ ಆಯ್ಕೆ ಮೊದಲ ದಿನದಿಂದಲೇ ಇರಬೇಕಿತ್ತು. ಇನ್ನು ಮುಂದೆ ಮೋಷನ್ ಕಂಟ್ರೋಲ್ ಬಳಸುವ ಯಾವ ಸಾಹಸ ಆಟವೂ ಅದಿಲ್ಲದೆ ಬರಕೂಡದು.

ಕಡ್ಡಿಗೆ ಎಂದೂ ಒಗ್ಗದ ಒಗಟುಗಳು ಈಗ ವಿಆರ್ ಹೆಡ್‌ಸೆಟ್‌ಗಳಲ್ಲಿ ಹುಟ್ಟುತ್ತಿವೆ. ಅಲ್ಲಿ ಎರಡೂ ಕೈಗಳ ಕೋನದ ಜೊತೆಗೆ ಅವು ಇರುವ ಜಾಗವನ್ನೂ ಯಂತ್ರ ಸತತವಾಗಿ ಗಮನಿಸುವುದರಿಂದ ಗುರಿ ಜಾರುವ ಹಳೆಯ ತೊಂದರೆ ಬಹುಮಟ್ಟಿಗೆ ಇಲ್ಲ. 2020ರ ಮಾರ್ಚ್‌ನಲ್ಲಿ ವಾಲ್ವ್ ಕಂಪನಿ ತಂದ ‘ಹಾಫ್-ಲೈಫ್: ಆಲಿಕ್ಸ್’ನಲ್ಲಿ ಜೆಫ್ ಎಂಬ ಕುರುಡು ಜೀವಿಯ ಅಧ್ಯಾಯವಿದೆ. ಅದಕ್ಕೆ ಕಣ್ಣಿಲ್ಲ, ಕಿವಿ ಬಲು ಸೂಕ್ಷ್ಮ. ಸುತ್ತಲಿನ ಗಾಳಿಯಲ್ಲಿ ಕೆಮ್ಮು ಬರಿಸುವ ಧೂಳು. ಕೆಮ್ಮಿದರೆ ಜೆಫ್ ಬರುತ್ತದೆ. ಕೆಮ್ಮದಿರಲು ಆಟಗಾರ ತನ್ನ ಕೈಯನ್ನು ನಿಜವಾಗಿಯೂ ಬಾಯಿಗೆ ಅಡ್ಡ ಹಿಡಿಯಬೇಕು. ಹಾಗೆ ಹಿಡಿದಾಗ ಉಳಿಯುವುದು ಒಂದೇ ಕೈ. ಆ ಒಂದು ಕೈಯಲ್ಲೇ ಬಾಗಿಲು ತೆರೆಯಬೇಕು, ದಾರಿಗಡ್ಡ ಬಂದ ಬಾಟಲಿ ಬಿದ್ದು ಸದ್ದಾಗದಂತೆ ಹಿಡಿಯಬೇಕು. ಯಾವ ಬಟನ್ ಒತ್ತಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಒಂದು ಕ್ಲಿಕ್‌ಗೆ ಎಲ್ಲವನ್ನೂ ಒಪ್ಪಿಸಿದ್ದ ಮಿಸ್ಟ್ ಕೂಡ ಅದೇ ವರ್ಷ ವಿಆರ್‌ನಲ್ಲಿ ಮರುಹುಟ್ಟು ಪಡೆದು, ಸನ್ನೆಕೋಲುಗಳನ್ನು ಆಟಗಾರನೇ ಹಿಡಿದು ಎಳೆಯುವಂತಾಯಿತು.

ಹೆಡ್‌ಸೆಟ್ ದುಬಾರಿ, ಎಲ್ಲರ ಕೈಗೆಟುಕುವುದಿಲ್ಲ. ಸ್ವಿಚ್ ಇರುವವರಿಗೆ ನನ್ನ ಸಲಹೆ ಇಷ್ಟು: ಕೈಗೆ ತೊಂದರೆಯಿಲ್ಲದಿದ್ದರೆ ಸ್ಕೈವರ್ಡ್ ಸೋರ್ಡ್ ಎಚ್‌ಡಿಯನ್ನು ಮೋಷನ್ ಕಂಟ್ರೋಲ್‌ನಲ್ಲೇ ಶುರು ಮಾಡಿ, ಮೊದಲ ಗುಡಿ ಮುಗಿಯುವವರೆಗಾದರೂ ಹಾಗೇ ಆಡಿ. ತೋಳನ್ನು ಜೋರಾಗಿ ಬೀಸಬೇಡಿ, ಮಣಿಕಟ್ಟಿನಿಂದ ನಿಧಾನವಾಗಿ ಗುರಿಯಿಟ್ಟು ಚುಟುಕಾಗಿ ಹೊಡೆಯಿರಿ. ಗುರಿ ಪಕ್ಕಕ್ಕೆ ಸರಿದಾಗಲೆಲ್ಲ ವೈ ಬಟನ್ ಒತ್ತಿ ಮಧ್ಯಕ್ಕೆ ತಂದುಕೊಳ್ಳಿ. ಕೈ ನೋಯತೊಡಗಿದರೆ ಹಟ ಹಿಡಿಯದೆ ಸೆಟ್ಟಿಂಗ್ಸ್‌ಗೆ ಹೋಗಿ ಬಟನ್‌ಗೆ ಬದಲಿಸಿಕೊಳ್ಳಿ. ಎರಡೂ ಬಗೆಯಲ್ಲಿ ಆಟವನ್ನು ಕೊನೆಯವರೆಗೆ ಆಡಿ ಮುಗಿಸಬಹುದು.